ಹತ್ತು ಗುಂಡಿನ ಡಬ್ಬಿ

ಸಲ್ವಾ, ಕುವೈತ್
3 ಜೂನ್ 1990

ಪ್ರೀತಿಯ ತಮ್ಮ ಕಾಂತಪ್ಪನಿಗೆ,

ಕಟೀಲಮ್ಮನ ದಯೆಯಿಂದ ನಡೆದಾಡಿಕೊಂಡಿದ್ದೇನೆ. ಮೊಣಕಾಲು ನೋವು ಇದೆ, ಅದು ಇರುವುದೇ.

ನಿನ್ನ ಲಕೋಟೆ ಬಿಚ್ಚಿದಾಗ ಒಳಗೊಂದು ಮಡಿಸಿದ ಹಾಳೆ, ಅದರಲ್ಲಿ ಪೆನ್ಸಿಲಿನ ಗೆರೆ. ಊರಿನವರೆಲ್ಲ ಚಪ್ಪಲಿ ತರಿಸುವುದಕ್ಕೆ ಕಾಗದದ ಮೇಲೆ ಪಾದವಿಟ್ಟು ಸುತ್ತ ಗೆರೆ ಎಳೆದು ಕಳಿಸುತ್ತಾರಲ್ಲ, ಇದೂ ಯಾವುದೋ ಮಗುವಿನ ಪಾದ ಎಂದುಕೊಂಡೆ. ನೋಡಿದರೆ ಬೆರಳೇ ಇಲ್ಲ. ಕಾಗದ ಓದಿದ ಮೇಲೆ ತಿಳಿಯಿತು, ಅದು ಅಪ್ಪನ ಕೋವಿಯ ಹೊಟ್ಟೆಗೆ ಸಿಕ್ಕಿಸುವ ಗುಂಡಿನ ಡಬ್ಬಿ. ಅದನ್ನು ಮಲಗಿಸಿ ಗೆರೆ ಎಳೆದು, 'ಇದರಲ್ಲಿ ಐದು ಹಿಡಿಯುತ್ತದೆ, ಇದೇ ಅಳತೆಯ ಬಾಯಿ ಇರುವ ಹತ್ತರದ್ದು ಬೇಕು, ಕುವೈತಿನ ಬೇಟೆಸಾಮಾನಿನ ಅಂಗಡಿಯಲ್ಲಿ ಸಿಗುತ್ತದಂತೆ' ಎಂದು ಬರೆದಿದ್ದಿ. ಹದಿನಾಲ್ಕು ವರ್ಷದಿಂದ ಪೌಡರು ಕಳಿಸಿದೆ, ಟಾರ್ಚು ಕಳಿಸಿದೆ, ಟೇಪ್ ರೆಕಾರ್ಡರು ಕಳಿಸಿದೆ. ಈಗ ಇದು. ಮುಂದಿನ ವರ್ಷ ಟ್ಯಾಂಕು ಕೇಳುತ್ತೀಯೋ ಏನೋ.

ಹತ್ತು ಯಾಕೆ ಮಾರಾಯ? ತನಿಯಪ್ಪ ಮಾವನ ಕೋವಿಯಲ್ಲಿ ಒಂದೇ ಗುಂಡು. ಒಂದೇ ಇರುವುದರಿಂದ ಅವರು ಮರದ ಹಾಗೆ ನಿಂತು, ಹಂದಿ ಗದ್ದೆಯ ಬದುವಿಗೆ ಬರುವ ತನಕ ಕಾಯುತ್ತಾರೆ. ನೀನು ಐದು ಇವೆ ಎಂಬ ಧೈರ್ಯದಲ್ಲಿ ನಾಲ್ಕನ್ನು ಬಾಳೆಗಿಡಕ್ಕೆ ಹೊಡೆಯುತ್ತಿ. ಹತ್ತು ಇದ್ದರೆ ಒಂಬತ್ತು ಬಾಳೆಗಿಡಕ್ಕೆ ಹೋದೀತು. ಹಂದಿಯ ದೈವ ಪಂಜುರ್ಲಿಗೆ ಕೈಮುಗಿಯುವ ಮನೆ ನಮ್ಮದು. ಬೆಳೆ ಉಳಿಸಲು ಹಂದಿಯನ್ನು ಓಡಿಸಿದರೆ ದೈವಕ್ಕೆ ಸಿಟ್ಟಿಲ್ಲ, ಅಪ್ಪನೂ ಓಡಿಸಿದ್ದರು. ಹತ್ತು ತುಂಬಿಕೊಂಡು ಹೋಗುವವನು ಓಡಿಸಲು ಹೋಗುವವನಲ್ಲ.

ಇನ್ನೊಂದು. ಲೈಸೆನ್ಸಿನ ಪುಸ್ತಕದಲ್ಲಿ 'ಐದು ಗುಂಡಿನ ರೈಫಲ್ ಒಂದು' ಎಂದು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದವಳೇ ನಾನು. ಆಗ ಏಳನೇ ಕ್ಲಾಸಿನಲ್ಲಿದ್ದೆ, ಆಮೇಲೆ ಓದಿದ್ದೂ ಇಲ್ಲ, ಅದನ್ನು ಮರೆತದ್ದೂ ಇಲ್ಲ. ನೀನು ತಾಲೂಕು ಆಫೀಸಿಗೆ ಹೋಗಿ ಕೇಳು. ಬೇಕಾದರೆ ಬರೆದು ಕೊಡಲಿ. ಆಮೇಲೆ ನೋಡುವ.

ನಿನ್ನ ಅಕ್ಕ,
ಸುಗಂಧಿ

~

ಊರಿನಿಂದ
24 ಜೂನ್ 1990

ಅಕ್ಕನವರಿಗೆ ಕಾಂತಪ್ಪನ ನಮಸ್ಕಾರ.

ಆಫೀಸಿಗೆ ಹೋಗಿ ಕೇಳಿದೆ. ಕೋವಿಗೆ ಲೈಸೆನ್ಸು, ಗುಂಡಿಗೆ ಲೆಕ್ಕ, ಖಾಲಿ ಡಬ್ಬಿ ಬರೀ ತಗಡು, ಬಿಸ್ಕತ್ತಿನ ಡಬ್ಬಿ ಇದ್ದ ಹಾಗೆ ಎಂದರು. ನಿಮಗೆ ಸಮಾಧಾನವಾಯಿತಲ್ಲ.

ತನಿಯಪ್ಪ ಮಾವನನ್ನು ಹೊಗಳಿ ಬರೆದಿದ್ದೀರಿ. ಅವರ ಗದ್ದೆ ಮನೆಯಂಗಳಕ್ಕೆ ತಾಗಿಕೊಂಡಿದೆ, ನನ್ನದು ಗುಡ್ಡದ ಬುಡದಲ್ಲಿದೆ. ಗೆಣಸಿನ ಸಾಲು ಒಂದೂ ಉಳಿದಿಲ್ಲ, ಈಗ ಹಂದಿಗಳು ಭತ್ತದ ನೇಜಿಗೆ ಬಾಯಿ ಹಾಕಿವೆ. ಯಾರಿಗೂ ಹೇಳದ ಒಂದು ವಿಷಯ ನಿಮಗೆ ಹೇಳುತ್ತೇನೆ. ಐದು ಮುಗಿದ ಮೇಲೆ ಡಬ್ಬಿ ತೆಗೆದು ತುಂಬಿಸಬೇಕಲ್ಲ, ಆಗ ನನ್ನ ಕೈ ನಡುಗುತ್ತದೆ, ಗುಂಡು ಕೆಸರಿಗೆ ಬೀಳುತ್ತದೆ. ಹೋದ ವಾರ ಗಾಯವಾದ ಹಂದಿ ತಿರುಗಿ ನನ್ನ ಮೇಲೆಯೇ ಬಂತು. ನಲವತ್ತಾರರ ಪ್ರಾಯದಲ್ಲಿ ಹಲಸಿನ ಮರ ಹತ್ತಿದೆ. ಹತ್ತು ಇದ್ದಿದ್ದರೆ ಹತ್ತಬೇಕಾಗಿರಲಿಲ್ಲ.

ನೀವು ಅಡುಗೆ ಮಾಡುವ ಮನೆಯ ಡ್ರೈವರ್ ಮಮ್ಮಾಲಿಗೂ ಬೇರೆ ಕಾಗದ ಹಾಕಿದ್ದೇನೆ. ಅವನು ಆಗಸ್ಟಿನಲ್ಲಿ ರಜೆಗೆ ಬರುತ್ತಾನೆಂದು ಅವನ ಹೆಂಡತಿ ಆಸಿಯಮ್ಮ ಹೊಳೆ ದಾಟುವ ಕಡವಿನಲ್ಲಿ ಸಿಕ್ಕಿದಾಗ ಹೇಳಿದಳು. ಯಜಮಾನರನ್ನು ಹಕ್ಕಿ ಬೇಟೆಗೆ ಕರೆದುಕೊಂಡು ಹೋಗುವವನಲ್ಲವಾ, ಅಂಗಡಿ ಅವನಿಗೆ ಗೊತ್ತು. ನೀವು ಬೇಡ ಎನ್ನದಿದ್ದರೆ ಸಾಕು.

ಕಾಂತಪ್ಪ

~

ಸಲ್ವಾ
22 ಜುಲೈ 1990

ತಮ್ಮ ಕಾಂತಪ್ಪನಿಗೆ,

ಹತ್ತರದ್ದು ಬೇಡ ಎಂದೆ. ಆದರೂ ತಂದ. ಅದು ಮಮ್ಮಾಲಿಯ ಸ್ವಭಾವ, ಊರಿನವರು ಏನು ಕೇಳಿದರೂ ಅವನ ಬಾಯಿಯಲ್ಲಿ ಇಲ್ಲ ಎಂಬ ಮಾತು ಹುಟ್ಟುವುದಿಲ್ಲ. ಐದರದ್ದೇ ಇನ್ನೊಂದು ತಾ, ಒಂದನ್ನು ಮೊದಲೇ ತುಂಬಿಸಿ ಸೊಂಟದಲ್ಲಿಟ್ಟುಕೊಂಡರೆ ನನ್ನ ತಮ್ಮ ಕೆಸರಿನಲ್ಲಿ ಗುಂಡು ಹುಡುಕಬೇಕಾಗಿಲ್ಲ, ಪುಸ್ತಕದಲ್ಲಿ ಬರೆದದ್ದೂ ತಪ್ಪುವುದಿಲ್ಲ ಎಂದು ಹೇಳಿ ಕಳಿಸಿದ್ದೆ. ಆ ಬಾಯಿಯ ಅಳತೆಗೆ ಅಂಗಡಿಯಲ್ಲಿದ್ದದ್ದು ಹತ್ತರದ್ದು ಮಾತ್ರವಂತೆ. "ತಗಡಲ್ಲವಾ ಸುಗಂಧಿಯಕ್ಕ, ಪಾಪ, ಆಸೆಪಟ್ಟಿದ್ದಾರೆ" ಎಂದು ಸಾಬೂನಿನ ಕಟ್ಟಿನ ನಡುವೆ ಇಟ್ಟುಬಿಟ್ಟಿದ್ದಾನೆ.

ಯಜಮಾನರ ಸಂಸಾರ ಸೆಖೆ ತಾಳದೆ ಲಂಡನಿಗೆ ಹೋಗಿದೆ. ಇಷ್ಟು ದೊಡ್ಡ ಮನೆಯಲ್ಲಿ ಈಗ ಹಾಸಿಗೆ ಹಿಡಿದ ಅವರ ತಾಯಿ, ನಾನು, ಮಮ್ಮಾಲಿ, ಮೂರೇ ಜನ. ಮುದುಕಿಗೆ ಗಂಜಿ ಕುಡಿಸುವವಳು ನಾನು, ಎತ್ತಿ ಕುರ್ಚಿಗೆ ಕೂರಿಸುವವನು ಅವನು. ಆಗಸ್ಟ್ ಒಂಬತ್ತಕ್ಕೆ ಅವನು ಹೊರಡುತ್ತಾನೆ.

ನೀನು ಆಫೀಸಿನಲ್ಲಿ ಕೇಳಿದ್ದು ಹೌದೆಂದು ದೈವದ ಕಲ್ಲು ಮುಟ್ಟಿ ಹೇಳಬಲ್ಲೆಯಾ? ಬಿಸ್ಕತ್ತಿನ ಡಬ್ಬಿ ಎಂದು ಸರಕಾರದ ಗುಮಾಸ್ತರು ಮಾತಾಡಿದ್ದನ್ನು ನಾನು ಈವರೆಗೆ ಕೇಳಿಲ್ಲ.

ಸುಗಂಧಿ

~

ಸಲ್ವಾ
19 ಸೆಪ್ಟೆಂಬರ್ 1990

ಕಾಂತಪ್ಪ,

ಈ ಕಾಗದ ತರುವವಳು ರೆಜಿನಾ ಬಾಯಿ, ಫಿಂಟಾಸಿನಲ್ಲಿ ನರ್ಸ್ ಆಗಿದ್ದವಳು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಅಮ್ಮಾನ್, ಅಲ್ಲಿಂದ ವಿಮಾನ ಎಂದು ನಮ್ಮವರೆಲ್ಲ ಹೊರಡುತ್ತಿದ್ದಾರೆ. ಅವಳ ದಿಂಬಿನೊಳಗೆ ಇದನ್ನು ಹೊಲಿದಿದ್ದೇನೆ. ಕಾಗದ ಸಿಕ್ಕಿದರೆ ಮೊದಲು ಅವಳಿಗೆ ಊಟ ಹಾಕು.

ನಾನು ಜೀವದಲ್ಲಿದ್ದೇನೆ. ಮಮ್ಮಾಲಿಯನ್ನು ಹಿಡಿದುಕೊಂಡು ಹೋಗಿದ್ದಾರೆ. ನಿನ್ನ ಡಬ್ಬಿಗಾಗಿ.

ಆಗಸ್ಟ್ ಎರಡನೇ ತಾರೀಕು ಇರಾಕಿನ ಸೈನ್ಯ ಬಂದದ್ದು ನಿನಗೆ ರೇಡಿಯೋದಲ್ಲೇ ಗೊತ್ತಾಗಿರಬಹುದು. ಆಮೇಲೆ ಮನೆಮನೆ ಜಡ್ತಿ ಶುರುವಾಯಿತು. ಆಯುಧವೋ ಆಯುಧದ ತುಂಡೋ ಸಿಕ್ಕಿದರೆ ಗುಂಡು ಹೊಡೆಯುವುದೇ, ಬೇರೆ ಮಾತಿಲ್ಲ ಎಂದು ಸಾರಿದರು. ಆಗಸ್ಟ್ ಇಪ್ಪತ್ತೆಂಟಕ್ಕೆ ಮಮ್ಮಾಲಿ ಕಾರಿನಲ್ಲಿ ಫಿಂಟಾಸ್ ಕಡೆ ಹೊರಟಿದ್ದ. ದಾರಿಯಲ್ಲಿ ತಡೆದು ಹುಡುಕಿದರು. ಸಿಕ್ಕಿತು.

ಹತ್ತಿರದ ಶಾಲೆಯನ್ನು ಅವರು ಠಾಣೆ ಮಾಡಿಕೊಂಡಿದ್ದಾರೆ. ಮಾರನೇ ದಿನ ನಿನ್ನ ಪೆನ್ಸಿಲ್ ಗೆರೆಯ ಹಾಳೆಯನ್ನೂ ಕಾಗದವನ್ನೂ ಹಿಡಿದುಕೊಂಡು ನಾನೇ ಹೋದೆ. ಅಡುಗೆಮನೆಯ ಅರಬಿ ನನಗೆ ಸಾಕಷ್ಟು ಬರುತ್ತದೆ. ಮೇಷ್ಟ್ರ ಮೇಜಿನ ಹಿಂದೆ ಅಧಿಕಾರಿ ಕೂತಿದ್ದ, ಮೇಜಿನ ಮೇಲೆ ಡಬ್ಬಿ. ಮಮ್ಮಾಲಿ ಕೈ ಕಟ್ಟಿಸಿಕೊಂಡು ಗೋಡೆ ಬದಿಯಲ್ಲಿ ನಿಂತಿದ್ದ. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ಹಂದಿ ಓಡಿಸುವ ಕೋವಿಯ ಡಬ್ಬಿ ಇದು, ನನ್ನ ತಮ್ಮ ಅಳತೆ ಕಳಿಸಿದ್ದಾನೆ ನೋಡಿ ಎಂದು ಹಾಳೆ ಬಿಡಿಸಿ ಡಬ್ಬಿಯನ್ನು ಅದರ ಮೇಲಿಟ್ಟು ತೋರಿಸಿದೆ. ಬಾಯಿ ಹೊಂದಿತು, ಉದ್ದ ಹೊರಗೆ ಹೋಯಿತು.

ಅಧಿಕಾರಿ ಮಮ್ಮಾಲಿಯನ್ನು ನೋಡಿ, ಮುಸಲ್ಮಾನನಿಗೆ ಹಂದಿಯ ಹತ್ತಿರ ಏನು ಕೆಲಸ ಎಂದು ಕೇಳಿದ.

"ಗದ್ದೆಗೆ ಇಳಿಯುವಾಗ ಹಂದಿ ಜಾತಿ ಕೇಳುವುದಿಲ್ಲ ಸಾಬ್" ಎಂದ ಮಮ್ಮಾಲಿ. ಸಿಪಾಯಿ ಕೋವಿಯ ಹಿಡಿಯಿಂದ ಅವನ ಬೆನ್ನಿಗೆ ಕುಟ್ಟಿದ.

ಆಮೇಲೆ ಅಧಿಕಾರಿ ನನ್ನನ್ನು ಕೇಳಿದ, "ಇದರಲ್ಲಿ ಎಷ್ಟು ಹಿಡಿಯುತ್ತದೆ?"

"ಹತ್ತು."

"ನಿನ್ನ ತಮ್ಮನಿಗೆ ನಿಮ್ಮ ಸರಕಾರದ ಅಪ್ಪಣೆ ಎಷ್ಟಕ್ಕೆ?"

ಸುಳ್ಳು ಹೇಳುವುದಿಲ್ಲವೆಂದು ನಾನು ಕಟೀಲಮ್ಮನ ಮುಂದೆ ಹರಕೆ ಹೊತ್ತವಳು. ಐದಕ್ಕೆ ಎಂದೆ.

"ಹಾಗಾದರೆ ನಿಮ್ಮ ದೇಶದಲ್ಲೂ ಇದು ಕಳ್ಳಮಾಲು" ಎಂದು ಅವನು ಹಾಳೆಯನ್ನು ಮಡಿಸಿ ಕಿಸೆಗೆ ಹಾಕಿಕೊಂಡ. ಹೆಂಗಸು, ಅಡುಗೆಯವಳು, ಹುಚ್ಚಿ ಎಂದು ನನ್ನನ್ನು ಹೊರಗೆ ಕಳಿಸಿದರು. ಮೂರನೇ ದಿನ ಮಮ್ಮಾಲಿಯನ್ನು ಅಲ್ಲಿಂದ ಸಾಗಿಸಿದರು. ಎಲ್ಲಿಗೆ ಎಂದು ಹೇಳುವವರಿಲ್ಲ. ದಿನವೂ ಗೇಟಿಗೆ ಹೋಗಿ ಕೇಳುತ್ತೇನೆ, ದಿನವೂ ಓಡಿಸುತ್ತಾರೆ.

ನಾನು ಬರುವುದಿಲ್ಲ. ಮುದುಕಿಯನ್ನು ಎತ್ತುವವರಿಲ್ಲ, ಅವನನ್ನು ಕೇಳುವವರೂ ಇಲ್ಲ. ನೀನು ಒಂದು ಕೆಲಸ ಮಾಡು. ಕಾಗದ ಓದಿ ಮುಗಿದ ಕೂಡಲೇ ಕಡವು ದಾಟಿ ಆಸಿಯಮ್ಮನ ಹತ್ತಿರ ಹೋಗಿ, 'ಆ ಡಬ್ಬಿ ನನ್ನದು, ನನಗಾಗಿ ನಿನ್ನ ಗಂಡ ಜೈಲಿನಲ್ಲಿದ್ದಾನೆ' ಎಂದು ಬಾಯಿಬಿಟ್ಟು ಹೇಳು. ಬೇರೆಯವರಿಂದ ಅವಳಿಗೆ ಗೊತ್ತಾಗಬಾರದು.

ಸುಗಂಧಿ

~

ಊರಿನಿಂದ
28 ಅಕ್ಟೋಬರ್ 1990

ಅಕ್ಕನವರಿಗೆ,

ಕುವೈತಿಗೆ ಟಪಾಲು ಇಲ್ಲವೆಂದು ಪೋಸ್ಟ್ ಮಾಸ್ಟರು ಲಕೋಟೆಯನ್ನೇ ಮುಟ್ಟಲಿಲ್ಲ. ಆದರೂ ಬರೆಯುತ್ತಿದ್ದೇನೆ. ಹೋಗದ ಕಾಗದದಲ್ಲಿ ಸುಳ್ಳು ಬರೆದು ಯಾರಿಗೆ ಲಾಭ?

ರೆಜಿನಾ ಬಾಯಿ ಬಂದರು, ಊಟ ಹಾಕಿದೆವು. ಮರುದಿನವೇ ಕಡವು ದಾಟಿದೆ. ಆಸಿಯಮ್ಮ ಚಾ ಕೊಟ್ಟಳು, ಪತ್ತಿರ್ ರೊಟ್ಟಿ ಕೊಟ್ಟಳು. "ಕಾಂತಪ್ಪಣ್ಣ, ಸುಗಂಧಿಯಕ್ಕನ ಕಾಗದ ಬಂತಂತಲ್ಲ, ಇವರ ಸುದ್ದಿ ಎಂತ?" ಎಂದು ಕೇಳಿದಳು. ನಾನು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. ಮಮ್ಮಾಲಿ ಸುಖವಾಗಿದ್ದಾನೆ, ಮುದುಕಿಯನ್ನು ನೋಡಿಕೊಳ್ಳಲು ತಾನಾಗಿಯೇ ನಿಂತಿದ್ದಾನೆ ಎಂದೆ. ಅವಳ ಮುಖ ಅರಳಿತು. ಆಮೇಲೆ ನಿಜ ಹೇಳುವ ಧೈರ್ಯ ಎಲ್ಲಿಂದ ತರಲಿ?

ಇನ್ನೂ ಒಂದು ಇದೆ. ತಾಲೂಕು ಆಫೀಸಿನಲ್ಲಿ ನಾನು ಕೇಳಿಯೇ ಇಲ್ಲ. ಒಳಗೆ ದೊಡ್ಡ ಸಾಲು ಇತ್ತು. ಹೊರಗಿನ ಚಾದ ಅಂಗಡಿಯವನು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆ, ನನಗೆ ಗೊತ್ತಿಲ್ಲದ ಕಾನೂನು ಯಾವುದಿದೆ ಎಂದ. ಬಿಸ್ಕತ್ತಿನ ಡಬ್ಬಿಯ ಮಾತು ಅವನದ್ದು. ಅವನ ಅಂಗಡಿಯಲ್ಲಿ ಅದೇ ಇರುವುದು.

ಇದನ್ನು ಪೆಟ್ಟಿಗೆಯಲ್ಲಿಡುತ್ತೇನೆ.

ಕಾಂತಪ್ಪ

~

ಸಲ್ವಾ
20 ಏಪ್ರಿಲ್ 1991

ಕಾಂತಪ್ಪ,

ಬೊಂಬಾಯಿಗೆ ಹೋಗುವ ಒಬ್ಬರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಮಧ್ಯಾಹ್ನ ಹನ್ನೆರಡಕ್ಕೆ ದೀಪ ಹಚ್ಚಿ ಬರೆಯುತ್ತಿದ್ದೇನೆ. ಅಹ್ಮದಿ ಕಡೆಯ ಎಣ್ಣೆ ಬಾವಿಗಳು ಉರಿಯುತ್ತಿವೆ, ಹಗಲೆಂಬುದೇ ಇಲ್ಲ, ಒಗೆದ ಬಟ್ಟೆ ಒಣಗುವಾಗ ಕಪ್ಪಾಗುತ್ತದೆ. ಮುದುಕಿ ಜನವರಿಯಲ್ಲಿ ತೀರಿಕೊಂಡರು. ಮೇಲೆ ವಿಮಾನ ಹಾರುತ್ತಿರುವಾಗ ನಾನೂ ಪಕ್ಕದ ಮನೆಯ ಮುದುಕರೂ ಸೇರಿ ಮಣ್ಣು ಮಾಡಿಸಿದೆವು.

ಮಮ್ಮಾಲಿ ಬಂದಿದ್ದಾನೆ. ಬಸ್ರಾದ ಜೈಲಿನಲ್ಲಿದ್ದನಂತೆ, ಅಲ್ಲಿ ಗಲಾಟೆಯಾಗಿ ಬಾಗಿಲು ತೆರೆದಾಗ ಕುವೈತಿನ ಕೈದಿಗಳ ಜೊತೆ ನಡೆದುಕೊಂಡು ಗಡಿ ದಾಟಿದ. ಮಾರ್ಚ್ ಕೊನೆಗೆ ಗೇಟಿನಲ್ಲಿ ನಿಂತಿದ್ದವನನ್ನು ಭಿಕ್ಷುಕನೆಂದು ತಿಳಿದು ಖುಬ್ಬೂಸ್ ರೊಟ್ಟಿ ತರಲು ಒಳಗೆ ಹೋದವಳು ನಾನು. ಎಡಗೈಯ ಮೂಳೆ ಮುರಿದು ಓರೆಯಾಗಿ ಕೂಡಿಕೊಂಡಿದೆ. ಸ್ಟೇರಿಂಗ್ ಹಿಡಿಯಲಾರ.

ಇಷ್ಟು ಬರೆಯುವವರೆಗೆ ನನಗೆ ಸಂತೋಷವಿತ್ತು. ಈಗ ಕೇಳು.

ಮೊನ್ನೆ ಬೊಂಬಾಯಿಯಿಂದ ಬಂದವರ ಕೈಯಲ್ಲಿ ಅವನಿಗೆ ಆಸಿಯಮ್ಮನ ಕಾಗದ ಬಂತು. ಅವನಿಗೆ ಕಣ್ಣು ಮಂಜಾಗಿದೆ, ಓದಿ ಹೇಳಿದವಳು ನಾನು. ಊರಿನ ಎಲ್ಲಾ ಗಂಡಸರೂ ಬಂದರು, ನೀವೊಬ್ಬರೇ ಸುಖವಾಗಿ ಅಲ್ಲೇ ನಿಂತಿರಿ, ಅಲ್ಲಿ ಇನ್ನೊಂದು ಮದುವೆಯಾಗಿದ್ದೀರೆಂದು ಊರಿಡೀ ಹೇಳುತ್ತಾರೆ, ಅಣ್ಣ ಬಾವಾಕುಂಞಿ ನನ್ನನ್ನು ತವರಿಗೆ ಕರೆದುಕೊಂಡು ಬಂದಿದ್ದಾನೆ, ನನ್ನನ್ನು ಬಿಟ್ಟುಬಿಡಿ. ಹೀಗೆ ಬರೆಸಿದ್ದಾಳೆ. ಅವಳಿಗೆ ಸುಖದ ಸುದ್ದಿ ಕೊಟ್ಟದ್ದು ಕಾಂತಪ್ಪಣ್ಣನಂತೆ.

ಏಳು ತಿಂಗಳು ಪೆಟ್ಟು ತಿಂದವನು ನನ್ನ ಮುಂದೆ ಅತ್ತದ್ದು ಆಗ ಮಾತ್ರ. ನಿನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಅಷ್ಟು ಸುಲಭವಾಗುತ್ತಿತ್ತು. "ಹೇಳಲು ಕಷ್ಟವಾಗಿರಬೇಕು ಅವರಿಗೆ" ಎಂದ. ಇಂಥವನನ್ನು ಇಟ್ಟುಕೊಂಡು ನಾನು ಏನು ಮಾಡಲಿ, ನಿನ್ನನ್ನಿಟ್ಟುಕೊಂಡು ಏನು ಮಾಡಲಿ?

ಇಲ್ಲಿ ಈಗ ಗುಂಡಿನ ಡಬ್ಬಿಗಳು ಬೀದಿಯಲ್ಲಿ ಬಿದ್ದಿವೆ. ಓಡಿಹೋದ ಸಿಪಾಯಿಗಳು ಬಿಟ್ಟದ್ದು, ಒಂದೊಂದರಲ್ಲಿ ಮೂವತ್ತು ಹಿಡಿಯುತ್ತದಂತೆ. ಎಲ್ಲವನ್ನೂ ಠಾಣೆಗೆ ಒಪ್ಪಿಸಿ ಎಂದು ಸರಕಾರ ಹೇಳುತ್ತಿದೆ, ಜನ ಮನೆಯೊಳಗೆ ತುಂಬಿಸಿಕೊಳ್ಳುತ್ತಿದ್ದಾರೆ. ಲಂಡನಿನಿಂದ ಹಿಂದೆ ಬಂದ ಯಜಮಾನರೂ ಒಂದನ್ನು ಹಜಾರದಲ್ಲಿ ನೇತುಹಾಕಿದ್ದರು. ಅದು ಇರುವಷ್ಟು ದಿನ ಒಲೆ ಹಚ್ಚುವುದಿಲ್ಲ ಎಂದೆ. ಎರಡು ದಿನ ಹೊರಗಿನಿಂದ ತರಿಸಿ ತಿಂದರು, ಮೂರನೇ ದಿನ ಒಪ್ಪಿಸಿ ಬಂದರು. ಮೂವತ್ತು ಇದ್ದವರೂ ಓಡಿದರಲ್ಲ ಕಾಂತಪ್ಪ. ನೀನು ಹತ್ತಕ್ಕೆ ಆಸೆಪಟ್ಟೆ.

ನಿನಗೆ ಇಷ್ಟೆಲ್ಲ ಹೇಳುವವಳು ನನ್ನದನ್ನೂ ಹೇಳಬೇಕು. ಸಿಕ್ಕಿಬಿದ್ದ ದಿನ ಮಮ್ಮಾಲಿ ಡಬ್ಬಿಯನ್ನು ಹಿತ್ತಲಿನ ಖರ್ಜೂರದ ಬುಡದಲ್ಲಿ ಹೂಳುತ್ತೇನೆ ಎಂದಿದ್ದ. ಮನೆಯ ಗಡಿಯೊಳಗೆ ಬೇಡ, ಸಮುದ್ರಕ್ಕೆ ಎಸೆದು ಬಾ ಎಂದು ಕಳಿಸಿದವಳು ನಾನು. ದಾರಿಯಲ್ಲಿ ಸೈನಿಕರಿದ್ದಾರೆ ಸುಗಂಧಿಯಕ್ಕ ಎಂದ. ನನಗೆ ಮನೆಯ ಭಯ, ನನ್ನ ಜೀವದ ಭಯ. ದೇವರನ್ನು ನೆನೆದು ಹೋಗು ಎಂದೆ. ದೇವರ ಹೆಸರು ಹೇಳಿಯೇ ಕಳಿಸಿದೆ. ಸೆಪ್ಟೆಂಬರಿನ ಕಾಗದದಲ್ಲಿ ಇದನ್ನು ಬರೆಯಲಿಲ್ಲ. ಅದೂ ಸುಳ್ಳೇ.

ಮಮ್ಮಾಲಿಗೆ ಇದನ್ನು ಎದುರಿಗೇ ಹೇಳಿ ಆಯಿತು. ಇನ್ನು ನಿನ್ನ ಸರದಿ. ಹೋಗು. ಚಾ ಕೊಟ್ಟರೆ ಕುಡಿಯಬೇಡ, ಮೊದಲು ಹೇಳು.

ಸುಗಂಧಿ

~

ಊರಿನಿಂದ
18 ಮೇ 1991

ಪ್ರೀತಿಯ ಅಕ್ಕನಿಗೆ,

ಅಕ್ಟೋಬರಿನಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನು ಮೊದಲು ಓದಿ.

ಬಾವಾಕುಂಞಿಯ ಮನೆಗೆ ಹೋದೆ. ಅವನು ಒಳಗೆ ಬಾ ಎನ್ನಲಿಲ್ಲ, ಅಂಗಳದಲ್ಲೇ ನಿಂತು ಹೇಳಿದೆ. ಡಬ್ಬಿ ನನ್ನದು ಎಂದೆ, ಅಳತೆ ಕಳಿಸಿದ್ದು ನಾನು ಎಂದೆ, ಸುಖವಾಗಿದ್ದಾನೆ ಎಂದದ್ದು ಸುಳ್ಳು ಎಂದೆ, ಬಸ್ರಾ, ಮುರಿದ ಕೈ, ಎಲ್ಲ ಹೇಳಿದೆ. ಬಾವಾಕುಂಞಿ ಕೈ ಎತ್ತಿಕೊಂಡು ಮೆಟ್ಟಿಲು ಇಳಿದ. ನಾನು ಸರಿಯಲಿಲ್ಲ. ಆಸಿಯಮ್ಮ ಬಾಗಿಲಿನ ಹಿಂದಿನಿಂದಲೇ ಅವನನ್ನು ತಡೆದಳು.

"ಆರು ತಿಂಗಳು ಅವರನ್ನು ಶಪಿಸಿದ್ದೇನೆ ಕಾಂತಪ್ಪಣ್ಣ" ಎಂದಳು. "ಒಂದೊಂದು ನಮಾಜು ಮುಗಿದ ಮೇಲೂ. ಅವರು ಅಲ್ಲಿ ಪೆಟ್ಟು ತಿನ್ನುವಾಗ ನಾನಿಲ್ಲಿ ಕೈ ಎತ್ತಿ ಶಪಿಸುತ್ತಿದ್ದೆ. ಅದನ್ನು ನಾನು ಹೇಗೆ ಹಿಂದೆ ತೆಗೆದುಕೊಳ್ಳಲಿ, ನೀವೇ ಹೇಳಿ."

ನೀವಿದ್ದರೆ ಏನಾದರೂ ಹೇಳುತ್ತಿದ್ದಿರೇನೋ.

ನನಗೆ ಹೇಳಿದ್ದು ಸಾಕು, ಇನ್ನೊಂದು ಮದುವೆ ಎಂದು ಆಡಿಕೊಂಡವರಿಗೆಲ್ಲ ಹೇಳಿ ಎಂದಳು. ಶುಕ್ರವಾರ ನಮಾಜು ಮುಗಿಸಿ ಜನ ಹೊರಗೆ ಬರುವ ಹೊತ್ತಿಗೆ ಬಾವಾಕುಂಞಿಯ ಅಂಗಡಿಯ ಜಗಲಿಯಲ್ಲಿ ನಿಂತೆ. ಎಲ್ಲ ಹೇಳಿದೆ. ಹಂದಿಗೆ ಹೆದರಿ ಮರ ಹತ್ತಿದ್ದನ್ನೂ ಹೇಳಿದೆ. ಯಾರಾದರೂ ನಗಲಿ ಎಂದೇ ಹೇಳಿದ್ದು. ಒಬ್ಬರೂ ನಗಲಿಲ್ಲ.

ತಾಲೂಕು ಆಫೀಸಿಗೂ ಹೋದೆ, ಈ ಸಲ ಒಳಗೆ. ಎರಡು ಗಂಟೆ ಸಾಲಿನಲ್ಲಿ ನಿಂತೆ. ಗುಮಾಸ್ತರು ಪುಸ್ತಕ ನೋಡಿ, ಕೋವಿಯ ತುಂಡೂ ಕೋವಿಯೇ, ಪರದೇಶದಿಂದ ಅಪ್ಪಣೆಯಿಲ್ಲದೆ ತಂದಿದ್ದರೆ ತಂದವನು ವಿಮಾನ ಇಳಿದಲ್ಲೇ ಒಳಗೆ ಹೋಗುತ್ತಿದ್ದ ಎಂದರು. ಅಂದರೆ ಆ ಯುದ್ಧ ಆಗದಿದ್ದರೂ ನಾನು ಮಮ್ಮಾಲಿಯನ್ನು ಜೈಲಿಗೇ ಕಳಿಸುತ್ತಿದ್ದೆ.

ಕೋವಿಯನ್ನು ಠಾಣೆಗೆ ಕೊಟ್ಟೆ ಎಂದು ಬರೆದರೆ ನಿಮಗೆ ಸಮಾಧಾನವಾದೀತು. ಕೊಟ್ಟಿಲ್ಲ. ಹಂದಿಗಳು ಬರುತ್ತಲೇ ಇವೆ. ತನಿಯಪ್ಪ ಮಾವನ ಜೊತೆ ಹೋಗಿ ನಿಲ್ಲುತ್ತೇನೆ. ಡಬ್ಬಿಗೆ ಎರಡೇ ಹಾಕಿಕೋ ಎನ್ನುತ್ತಾರೆ ಅವರು. ಎರಡು ಹಾಕಿದರೆ ಕೈ ಅಷ್ಟು ನಡುಗುವುದಿಲ್ಲ, ಯಾಕೆಂದು ಗೊತ್ತಿಲ್ಲ.

ಆಸಿಯಮ್ಮ ತವರಿನಿಂದ ತನ್ನ ಮನೆಗೆ ಹೋಗಿ ಬಾಗಿಲು ತೆರೆದಿದ್ದಾಳೆ. ಮಮ್ಮಾಲಿಗೆ ಹೇಳಿ.

ಕಾಂತಪ್ಪ

~

ಸಲ್ವಾ
9 ಜೂನ್ 1991

ಪ್ರೀತಿಯ ತಮ್ಮ ಕಾಂತಪ್ಪನಿಗೆ,

ನಾಳೆ ಊರಿಗೆ ಹೊರಡುವವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನಿನ್ನ ಎರಡೂ ಕಾಗದ ಓದಿದೆ. ಮಮ್ಮಾಲಿಗೂ ಓದಿ ಹೇಳಿದೆ. ಆಸಿಯಮ್ಮ ಬಾಗಿಲು ತೆರೆದಿದ್ದಾಳೆ ಎಂಬ ಸಾಲನ್ನು ಮೂರು ಸಲ ಓದಿಸಿದ. ಚಾದ ಅಂಗಡಿಯ ವಿಷಯ ಬಂದಾಗ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ, ನಿನ್ನ ಮೇಲೆ ಸಿಟ್ಟು ಪೂರಾ ಹೋಗಿಲ್ಲ, ಹೋಗಲು ಸಮಯ ಹಿಡಿಯುತ್ತದೆ. ನನ್ನ ಮೇಲೂ ಹಾಗೆಯೇ.

ನಾನು ಇನ್ನೂ ಒಂದು ವರ್ಷ ಇಲ್ಲೇ ಇರುತ್ತೇನೆ. ಅವನು ಇನ್ನು ಗಾಡಿ ಓಡಿಸಲಾರ, ಕಫೀಲ್ ಆಗಿದ್ದ ಯಜಮಾನರು ಕೆಲಸ ಖಲಾಸ್ ಎಂದು ಕಾಗದ ಕೊಟ್ಟುಬಿಟ್ಟಿದ್ದಾರೆ. ಹದಿನಾರಕ್ಕೆ ಹೊರಡುತ್ತಾನೆ, ಬೊಂಬಾಯಿಯಿಂದ ಬಸ್ಸಿನಲ್ಲಿ ಹದಿನೆಂಟರ ಬೆಳಿಗ್ಗೆ ಊರಿನ ಕ್ರಾಸಿನಲ್ಲಿ ಇಳಿಯುತ್ತಾನೆ. ಅವನಿಗೆ ತರಲು ಹೆಚ್ಚೇನೂ ಇಲ್ಲ, ಆದರೂ ಊರಿನವರಿಗೆಂದು ಸಾಬೂನು, ಪೌಡರು, ಮಕ್ಕಳಿಗೆ ಅಂಗಿ ಎಂದು ಒಂದು ಚೀಲ ತುಂಬಿಸಿದ್ದಾನೆ. ಅದರ ಭಾರ ಅವನ ಒಂದು ಕೈಗೆ ಹೆಚ್ಚು, ಇನ್ನೊಂದು ಕೈ ಎತ್ತಲು ಬರುವುದಿಲ್ಲ.

ಬಸ್ಸು ಬರುವ ಮೊದಲೇ ನೀನು ಕ್ರಾಸಿನಲ್ಲಿರಬೇಕು. ಅವನ ಮನೆಯ ಜಗಲಿಯ ತನಕ ಚೀಲ ಹೊರುವವನು ನೀನು. ಬೇಡ ಕಾಂತಪ್ಪಣ್ಣ ಎನ್ನುತ್ತಾನೆ ಅವನು, ಹಾಗೆ ಹೇಳಿಯೇ ಹೇಳುತ್ತಾನೆ. ಚೀಲ ಕೊಡಬೇಡ.

ನಿನ್ನ ಅಕ್ಕ,
ಸುಗಂಧಿ